ಹನ್ನೆರಡನೆಯ ಸೂಜಿ

"ನಿಲ್ಲಿ! ಆ ಕಾಲನ್ನ ಕೆಳಗಿಡಬೇಡಿ!"

ಎತ್ತಿದ ಕಾಲು ಎತ್ತಿದಂತೆಯೇ, ಅವನು ಹೊಲಿಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟ. ಕೆಂಚು ಗುಂಗುರು ಕೂದಲು, ಕೈಯಲ್ಲೊಂದು ಹಳೆಯ ಪೆಟ್ಟಿಗೆ, ಥೇಟು ಕೊಕ್ಕರೆಯ ಭಂಗಿ.

ನೆಲವೆಲ್ಲ ತಡಕಾಡುತ್ತಿದ್ದ ಚಿಗುಸಾ ಅಂಬೆಗಾಲಿನಲ್ಲೇ ಅವನ ಬಳಿಗೆ ಬಂದಳು. ಬೂಟನ್ನು ಎರಡೂ ಕೈಗಳಿಂದ ಹಿಡಿದು ತಿರುಗಿಸಿದಳು. ಅಟ್ಟೆಗೆ ಚುಚ್ಚಿಕೊಂಡು ಹೊಳೆಯುತ್ತಿತ್ತು... ಒಂದು ಸೂಜಿ!

ಮೆಲ್ಲನೆ ಅದನ್ನು ಎಳೆದು, ಅಂಗೈಯಲ್ಲಿಟ್ಟು, ತಲೆಬಾಗಿ ನಮಸ್ಕರಿಸಿದಳು. ಆಮೇಲೆಯೇ ಅವಳ ಉಸಿರು ಹೊರಬಂದದ್ದು.

"ಹನ್ನೆರಡು..."

"ನಾನು ರೊನಾನ್, ಹೊಸ ದರ್ಜಿ" ಎಂದ ಅವನು. "ಈಗ ಕಾಲು ಇಳಿಸಬಹುದಾ? ಇಲ್ಲಾ, ಇಲ್ಲಿ ಎಲ್ಲರೂ ಒಂಟಿ ಕಾಲಲ್ಲೇ ಕೆಲಸ ಮಾಡೋದಾ?"

ಮೂವತ್ತು ವರ್ಷಗಳಿಂದ ಅದೇ ಕಿಟಕಿಯ ಪಕ್ಕ ಕೂತು ಹೊಲಿಯುತ್ತಿದ್ದ ಸೊಲಾಂಜ್ ಅಮ್ಮ ಕನ್ನಡಕದ ಮೇಲಿಂದ ನೋಡಿ ನಕ್ಕಳು. "ಇಳಿಸಪ್ಪಾ, ಇಳಿಸು! ಪ್ಯಾರಿಸ್ ತುಂಬ ಗಂಡಸರಿದ್ದಾರೆ. ನಮ್ಮ ಹುಡುಗಿ ಒಬ್ಬನ ಕೈಯನ್ನೂ ಹಿಡಿದವಳಲ್ಲ. ಹಿಡಿದಿದ್ದು ನೋಡು, ನಿನ್ನ ಕಾಲನ್ನ!"

ಚಿಗುಸಾಳ ಮುಖ ಕೆಂಪಾಯಿತು. ಆದರೆ ಅವಳು ಎದ್ದು ಸೂಜಿಮೆತ್ತೆಯ ಮುಂದೆ ಕೂತು ಹನ್ನೆರಡನ್ನೂ ಮತ್ತೆ ಎಣಿಸಿದಳು, ಆಮೇಲೆ ಇನ್ನೊಮ್ಮೆ.

ರೊನಾನ್ ನಗುವನ್ನು ನಿಲ್ಲಿಸಿದ. ಆ ಎಣಿಕೆ ಅವನ ಕಣ್ಣಿಗೆ ಬಿದ್ದಿತ್ತು.

ಒಂದು ಸೂಜಿಗೆ ಇಷ್ಟು ಭಯವೇ?

* * *

ಚಿಗುಸಾ ದೂರದ ಪೂರ್ವದೇಶದಿಂದ ಪ್ಯಾರಿಸ್ಸಿಗೆ ಬಂದು ಹತ್ತು ವರ್ಷವಾಗಿತ್ತು. ಬರುವಾಗ ತಂದದ್ದು ಒಂದು ಚೀಲ ಬಟ್ಟೆ ಮತ್ತು ಅಮ್ಮನ ಹನ್ನೆರಡು ಸೂಜಿಗಳು. ಮೊದಲ ಎರಡು ವರ್ಷ ಬೇರೆಯವರ ಬಟ್ಟೆಗೆ ಇಸ್ತ್ರಿ ಹಾಕಿದಳು. ಆಮೇಲೆ ಕತ್ತರಿ ಹಿಡಿದಳು. ಆಮೇಲೆ ಅವಳು ಬರೆದ ಚಿತ್ರಗಳು ಉಡುಪುಗಳಾಗಿ ವೇದಿಕೆಗೆ ಹೋದವು, ಆದರೆ ಬೇರೆಯವರ ಹೆಸರಿನಲ್ಲಿ.

ಈ ವರ್ಷ, ಮೊದಲ ಬಾರಿಗೆ, ಹೊಲಿಗೆಮನೆಯ ಯಜಮಾನ ಮೊಸ್ಯೂ ದೆಲ್ವಾಲ್ ಅವಳಿಗೆ ಅವಳದೇ ಹೆಸರಿನ ಪ್ರದರ್ಶನ ಕೊಟ್ಟಿದ್ದ. ಉಡುಪುಗಳ ಕತ್ತಿನ ಒಳಪಟ್ಟಿಯಲ್ಲಿ 'ಚಿಗುಸಾ' ಎಂಬ ಹೆಸರು. ಕೊನೆಯಲ್ಲಿ ವಾಡಿಕೆಯಂತೆ ವಧುವಿನ ಉಡುಪು.

ರೊನಾನ್ ಬಂದು ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಅವಳು ಸೂಜಿ ಎಣಿಸುವಾಗ ಅವನು ಸದ್ದು ಮಾಡುತ್ತಿರಲಿಲ್ಲ. ಸಂಜೆ ಎಣಿಸುವಾಗ ಕೋಟು ತೊಟ್ಟು ಬಾಗಿಲಲ್ಲಿ ಕಾಯುತ್ತಿದ್ದ.

"ನಮ್ಮೂರಲ್ಲಿ ಸೂಜಿ ಕಳೆದರೆ ಇನ್ನೊಂದು ತಗೋತಾರೆ" ಎಂದು ಒಮ್ಮೆ ರೇಗಿಸಿದ್ದ.

"ನಮ್ಮೂರಲ್ಲಿ ಅದು ಸಿಗೋ ತನಕ ಯಾರೂ ಊಟಕ್ಕೆ ಕೂರಲ್ಲ."

"ಮುರಿದರೆ?"

"ಚೂರುಗಳನ್ನೂ ಬಿಡೋ ಹಾಗಿಲ್ಲ. ಎತ್ತಿಡಬೇಕು. ಫೆಬ್ರವರಿ ಎಂಟನೇ ತಾರೀಕು ಸೂಜಿಗಳ ದಿನ. ಮುರಿದದ್ದು, ಸವೆದದ್ದು ಎಲ್ಲವನ್ನೂ ದೇಗುಲಕ್ಕೆ ಒಯ್ದು ತೋಫುವಿಗೆ, ಅದೇ ಸೋಯಾ ಹಾಲಿನ ಪನೀರಿಗೆ, ಚುಚ್ಚಿ ಮಲಗಿಸ್ತೀವಿ."

"ತೋಫುವಿಗಾ? ಯಾಕೆ?"

"ಪಾಪ, ಬದುಕಿಡೀ ಗಟ್ಟಿ ಬಟ್ಟೆಯನ್ನೇ ಹಾದು ಬಂದಿರುತ್ತವಲ್ಲ ರೊನಾನ್ ಅವರೇ... ಕೊನೆಗಾದರೂ ಮೆತ್ತಗಿನದು ಸಿಗಲಿ ಅಂತ."

ಅವನು ನಗಲಿಲ್ಲ. ಅವನು ಅದೇ ದೇಶದ ಪಶ್ಚಿಮ ಅಂಚಿನ ಬ್ರಿಟನಿಯ ಕಡಲ ತೀರದವನು. ಅವನ ಊರಿನ ಇಗರ್ಜಿಯಲ್ಲಿ, ಮುಳುಗಿಹೋದ ಒಂದೊಂದು ದೋಣಿಗೂ ಒಂದೊಂದು ಪುಟ್ಟ ಮರದ ದೋಣಿಯನ್ನು ತೂಗುಹಾಕುತ್ತಾರಂತೆ. "ನಮ್ಮಮ್ಮ ಇದ್ದಿದ್ದರೆ ನಿಮ್ಮ ಸೂಜಿಗಳಿಗೂ ಒಂದು ಮೇಣದ ಬತ್ತಿ ಹಚ್ತಿದ್ದಳು" ಎಂದಷ್ಟೇ ಹೇಳಿದ.

ಆ ದಿನದಿಂದ ಅವಳಿಗೆ ಹೊಸದೊಂದು ಭಯ ಶುರುವಾಯಿತು. ಇವನು ಒಳ್ಳೆಯವನು... ನಾನು ಮಾಡಿದ್ದು ಗೊತ್ತಾದರೆ?

ಅವಳು ಮಾಡಿದ್ದು ಇಷ್ಟು. ಕಿರ್ಯು ಎಂಬ ರೇಷ್ಮೆಯ ಊರಿನಲ್ಲಿ ಅವಳ ಅಮ್ಮನ ಹೊಲಿಗೆಮನೆಯಿತ್ತು. ಸಂಜೆ ಸೂಜಿ ಎಣಿಸುವುದು ಒಂಬತ್ತು ವರ್ಷದ ಚಿಗುಸಾಳ ಕೆಲಸ. ಒಂದು ಸಂಜೆ ಬೀದಿಯಲ್ಲಿ ಹಬ್ಬದ ನಗಾರಿ ಕೇಳಿಸಿತು. "ಚಿಗುಸಾ, ಎಲ್ಲಾ ಇದೆಯಾ?" ಎಂದು ಒಳಗಿನಿಂದ ಅಮ್ಮ ಕೇಳಿದಳು. ಎಣಿಸದೆಯೇ "ಎಲ್ಲಾ ಇದೆ!" ಎಂದು ಕೂಗಿ ಅವಳು ಓಡಿದ್ದಳು.

ಒಂದು ಸೂಜಿಯ ಮೊನೆ ಇರಲಿಲ್ಲ.

ಅದು ಮರುದಿನ ಸಿಕ್ಕಿತು, ಹಸುಗೂಸೊಂದರ ಭುಜದಲ್ಲಿ. ಮೊದಲ ಸಲ ದೇಗುಲಕ್ಕೆ ಒಯ್ಯುವಾಗ ಹೊದಿಸಿದ್ದ, ಅಮ್ಮ ಹೊಲಿದ ರೇಷ್ಮೆಯಲ್ಲಿ ಅಡಗಿತ್ತು. ಮಗು ಉಳಿಯಿತು. ಅಮ್ಮ ಮಾತ್ರ ಮತ್ತೆಂದೂ ಹೊಲಿಯಲಿಲ್ಲ. "ನನ್ನ ಕಣ್ಣೇ ಮೋಸ ಮಾಡಿತು" ಎಂದು ಅಂಗಡಿಯ ಪರದೆ ಇಳಿಸಿಬಿಟ್ಟಳು. ಮೊನೆ ಮುರಿದದ್ದರ ಜಾಗಕ್ಕೆ ಹೊಸದೊಂದನ್ನು ಸೇರಿಸಿ, ಹನ್ನೆರಡನ್ನೂ ಮಗಳ ಕೈಗಿತ್ತಳು.

ಎಣಿಸದೇ ಇದ್ದದ್ದು ತಾನು ಎಂದು ಚಿಗುಸಾ ಇಂದಿಗೂ ಬಾಯಿಬಿಟ್ಟಿರಲಿಲ್ಲ.

* * *

ಪ್ರದರ್ಶನದ ಹಿಂದಿನ ದಿನ. ತಾರೀಕು, ಫೆಬ್ರವರಿ ಎಂಟು.

"ಈ ವರ್ಷ ತೋಫು ತರೋಕೂ ಹೋಗಲಾಗಲಿಲ್ಲ" ಎಂದು ಬೆಳಿಗ್ಗೆ ಅವಳು ಸೊಲಾಂಜ್ ಬಳಿ ಹೇಳಿಕೊಂಡಿದ್ದಳು. "ಸೂಜಿಗಳ ವಿಶ್ರಾಂತಿಯ ದಿನ ಅವುಗಳಿಂದಲೇ ದುಡಿಸ್ತಾ ಇದೀನಿ. ಏನೋ ಕೆಟ್ಟದ್ದಾಗುತ್ತೆ ಅನ್ನಿಸ್ತಿದೆ ಅಮ್ಮಾ..."

"ಬಾಯಿ ಮುಚ್ಚು ಪುಟ್ಟೀ. ವಧುವಿನ ಉಡುಪಿನ ಮುಂದೆ ಅಪಶಕುನ ನುಡೀಬಾರದು."

ಮಧ್ಯಾಹ್ನ ಅವಳು ಕೆಳಗಿನ ಮಹಡಿಗೆ ಹೋಗಿ ರೂಪದರ್ಶಿಗಳಿಗೆ ಉಡುಪು ತೊಡಿಸಿ, ಅಳತೆ ಸರಿಪಡಿಸಿ ಬಂದಳು. ವಧುವಿನ ಉಡುಪು ಮಾತ್ರ ಮೇಲೆಯೇ ಇತ್ತು. ಅದನ್ನು ತೊಡುವವಳು ಹತ್ತೊಂಬತ್ತರ ಮರೀಸ್. ಉಡುಪಿನ ಕನಸಿನಲ್ಲೇ ಇದ್ದ ಹುಡುಗಿ. "ನಾಳೆ ನಮ್ಮಜ್ಜಿ ನೋಡೋಕೆ ಬರ್ತಾಳೆ!" ಎಂದು ಕುಣಿದಳು.

ನಾಲ್ಕು ಗಂಟೆಗೆ ಮೇಲೆ ಬಂದು ಸೂಜಿಮೆತ್ತೆಯ ಮುಂದೆ ಕೂತಳು.

ಒಂದು, ಎರಡು... ಹತ್ತು, ಹನ್ನೊಂದು...

ಹನ್ನೆರಡನೆಯದು ಕೈಗೆ ಬಂತು. ಅರ್ಧ!

ಮೆತ್ತೆಯನ್ನು ತಿರುವಿ, ಕೊಡವಿ ನೋಡಿದಳು. ಮೊನೆ ಎಲ್ಲಿ? ಮೊನೆ ಎಲ್ಲಿ!

"ಸೊಲಾಂಜ್ ಅಮ್ಮಾ... ನನ್ನ ಸೂಜಿ ಯಾರು ಮುಟ್ಟಿದ್ದು?"

"ರೊನಾನ್ ಇರಬೇಕು" ಎಂದಳು ಸೊಲಾಂಜ್, ಯಾಕೋ ಕಣ್ಣು ತಪ್ಪಿಸಿ. "ವಧುವಿನ ಉಡುಪಿನ ಅಂಚು ಹಿಡಿದು ಏನೋ ಹೊಲೀತಿದ್ದ. ಆಮೇಲೆ ಒಮ್ಮೆಲೇ ಕೋಟು ಎಳೆದುಕೊಂಡು ಓಡಿದ. ಬೆಂಕಿ ಬಿದ್ದ ಮನೆಯಿಂದ ಓಡ್ತಾರಲ್ಲ, ಹಾಗೆ!"

ಓಡಿದ...

ಚಿಗುಸಾಳಿಗೆ ಕೇಳಿಸಿದ್ದು ಅದೊಂದೇ ಮಾತು. ಮುರಿದ. ಹೆದರಿದ. ಓಡಿದ. ಒಂಬತ್ತು ವರ್ಷದ ಆ ಹುಡುಗಿಯ ಹಾಗೆಯೇ!

'ಎಷ್ಟು ಸಲ ಹೇಳಿದ್ದೆ ಅವರಿಗೆ. ಎಲ್ಲ ಗೊತ್ತಿದ್ದೂ... ದೇವರೇ, ಅವರೂ ಹೀಗೇನಾ?'

ಉಡುಪನ್ನು ಗೂಟದಿಂದ ಇಳಿಸಿ ಅಗಲವಾದ ಮೇಜಿನ ಮೇಲೆ ಹರವಿದಳು. ಅಯಸ್ಕಾಂತ ತಂದಳು. ಪ್ರಯೋಜನವಿಲ್ಲ. ಅಂಚು ಸೆಟೆದು ನಿಲ್ಲಲೆಂದು ಅವಳೇ ಒಳಗೆ ತೆಳುವಾದ ಉಕ್ಕಿನ ತಂತಿ ಸೇರಿಸಿದ್ದಳು. ಇಟ್ಟಲ್ಲೆಲ್ಲ ಅಯಸ್ಕಾಂತ ಅಂಟಿಕೊಳ್ಳುತ್ತಿತ್ತು.

ಬೆರಳಿನಿಂದಲೇ ಹುಡುಕಬೇಕು. ನೆರಿಗೆಯ ಮೇಲೆ ನೆರಿಗೆ, ಪದರದ ಕೆಳಗೆ ಪದರ. ಪ್ರತಿ ಮಡಿಕೆಯಲ್ಲೂ ಚುಚ್ಚಬಹುದು ಎಂದು ಮೈ ಜುಮ್ಮೆನ್ನುತ್ತಿತ್ತು. ಚುಚ್ಚಲಿ ಎಂದೂ ಬೇಡಿಕೊಳ್ಳುತ್ತಿದ್ದಳು... ನನಗೇ ಚುಚ್ಚಲಿ, ಆ ಹುಡುಗಿಗೆ ಬೇಡ!

ಕೊನೆಗೆ ಅಂಚನ್ನೇ ಬಿಚ್ಚತೊಡಗಿದಳು.

"ಅಯ್ಯೋ! ನಾಳೆ ಪ್ರದರ್ಶನ ಕಣೇ!" ಸೊಲಾಂಜ್ ಎದ್ದು ಬಂದಳು. "ಒಂದು ಚೂರು ಕಬ್ಬಿಣಕ್ಕೆ ಹತ್ತು ವರ್ಷದ ಕನಸು ಬಿಚ್ಚಿ ಹಾಕ್ತೀಯಾ? ಅಲ್ಲಿ ಬಿಚ್ಚಬೇಡ, ನನ್ನ ಮಾತು ಕೇಳು..."

"ಯಾಕೆ? ಅಲ್ಲೇನಿದೆ?"

ಸೊಲಾಂಜ್ ಕೈಯಲ್ಲಿದ್ದ ದಾರವನ್ನು ಉಂಡೆಗೆ ಸುತ್ತತೊಡಗಿದಳು.

ಮತ್ತೆರಡು ಹೊಲಿಗೆ ಬಿಚ್ಚಿದಾಗ ಮಡಿಕೆಯೊಳಗಿನಿಂದ ಏನೋ ಹೊರಬಂತು. ಮೊನೆಯಲ್ಲ. ಕೂದಲು!

ಎರಡು ಕೂದಲುಗಳು, ಒಂದಕ್ಕೊಂದು ಹೊಸೆದುಕೊಂಡು. ಒಂದು ಕಪ್ಪು, ನೇರ. ಇನ್ನೊಂದು ಕೆಂಚು, ಗುಂಗುರು.

ಚಿಗುಸಾಳ ಕೈ ನಿಂತಿತು. ಹತ್ತು ವರ್ಷ ಈ ಹೊಲಿಗೆಮನೆಗಳಲ್ಲಿ ಬದುಕಿದವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮದುವೆಯಾಗದ ಹುಡುಗಿಯರು ವಧುವಿನ ಉಡುಪಿನ ಅಂಚಿಗೆ ತಮ್ಮ ಕೂದಲೆಳೆ ಹೊಲಿಯುತ್ತಾರೆ, ವರ್ಷದೊಳಗೆ ಮದುವೆಯಾಗುತ್ತದೆ ಎಂದು. ಹುಡುಗಿಯರು! ಗಂಡಸೊಬ್ಬ ಹೊಲಿದದ್ದನ್ನು ಅವಳು ಕಂಡಿರಲಿಲ್ಲ.

"ನಿನ್ನ ಬಾಚಣಿಗೆಯಿಂದ ಒಂದು ಎಳೆ ತೆಗೆದುಕೊಟ್ಟಿದ್ದು ನಾನೇ" ಎಂದಳು ಸೊಲಾಂಜ್ ಸಣ್ಣ ದನಿಯಲ್ಲಿ. "ಕೂದಲು ಪೋಣಿಸೋಕೆ ನಮ್ಮ ಸೂಜಿ ದಪ್ಪ ಅಂತ ನಿನ್ನದನ್ನ ತಗೊಂಡ. ಹೇಳಬೇಡಿ ಅಂತ ಕೈ ಮುಗಿದ, ಪೆದ್ದ!"

ಎದೆ ಒಂದು ಕ್ಷಣ ಹಗುರಾಯಿತು. ಮರುಕ್ಷಣವೇ ಮೊದಲಿಗಿಂತ ಭಾರ. ಪ್ರೀತಿಯಿಂದ ಮುರಿದರೂ ಮೊನೆ ಮೊನೆಯೇ ಅಲ್ಲವೇ? ಅದು ಇಲ್ಲೇ ಎಲ್ಲೋ ಇದೆ... ಅವರು ಮಾತ್ರ ಇಲ್ಲಿಲ್ಲ.

ಆರು ಗಂಟೆಗೆ ಮೆಟ್ಟಿಲ ಮೇಲೆ ಮೊಸ್ಯೂ ದೆಲ್ವಾಲನ ಕೋಲಿನ ಸದ್ದಾಯಿತು. ಬಾಗಿಲಲ್ಲಿ ನಿಂತು ಅವನು ಕೇಳಿದ:

"ಏನಮ್ಮಾ, ಎಲ್ಲಾ ಇದೆಯಾ?"

ಅದೇ ಪ್ರಶ್ನೆ!

ಇಪ್ಪತ್ತೆರಡು ವರ್ಷಗಳ ಹಿಂದಿನ ನಗಾರಿ ಕಿವಿಯಲ್ಲಿ ಬಡಿಯಿತು. ಎರಡೇ ಪದ. 'ಎಲ್ಲಾ ಇದೆ.' ಅಂದರೆ ಸಾಕು. ಬಹುಶಃ ಏನೂ ಆಗದು. ಬಹುಶಃ...

"ಇಲ್ಲ" ಎಂದಳು ಚಿಗುಸಾ. "ಒಂದು ಸೂಜಿಯ ಮೊನೆ ಕಾಣ್ತಿಲ್ಲ. ಈ ಉಡುಪಿನಲ್ಲೇ ಇರಬಹುದು. ಸಿಗೋ ತನಕ ಇದನ್ನ ಮರೀಸ್ ಮೈಮೇಲೆ ಹಾಕೋಕೆ ಬಿಡಲ್ಲ ನಾನು."

"ತಲೆ ಕೆಟ್ಟಿದೆಯಾ ನಿಂಗೆ? ವಧು ಇಲ್ಲದ ಪ್ರದರ್ಶನ ನನ್ನ ಮನೇಲಿ ನಡೆದಿಲ್ಲ! ಬೆಳಿಗ್ಗೆ ಹತ್ತಕ್ಕೆ ಈ ಉಡುಪು ಕೆಳಗಿರಬೇಕು. ಇಲ್ಲದಿದ್ದರೆ ನಿನ್ನ ಪ್ರದರ್ಶನವೂ ಇಲ್ಲ, ನಿನ್ನ ಹೆಸರೂ ಇಲ್ಲ. ನಿನ್ನ ಊರಿನ ದಾರಿ ಹಿಡಿ!"

"ಆಗಲಿ ಮೊಸ್ಯೂ."

ಅವನು ಕೋಲು ಕುಟ್ಟುತ್ತ ಇಳಿದುಹೋದ.

ವಿಚಿತ್ರ! ಭಯ ಹಾಗೇ ಇತ್ತು, ಆದರೆ ಅದರ ಕೆಳಗೆ ಎಲ್ಲೋ ನೆಲ ಸಿಕ್ಕಂತಾಗಿತ್ತು. ಅವಳು ಕಣ್ಣೊರೆಸಿಕೊಂಡು ಇನ್ನೊಂದು ಬದಿ ಹುಡುಕಲೆಂದು ಉಡುಪನ್ನು ಮೇಜಿನಿಂದ ಮೇಲೆತ್ತಿದಳು.

ಮೇಜಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು:

'ಹೆದರಬೇಡಿ. ಮುರಿದ ಮೊನೆ ನನ್ನ ಹತ್ತಿರ ಇದೆ. ತೋಫು ಅಂಗಡಿ ಐದಕ್ಕೆ ಮುಚ್ಚುತ್ತೆ. ಬಂದುಬಿಡ್ತೀನಿ. ರೊನಾನ್.'

ಅವಳಿಗಾಗಿ ಬರೆದಿಟ್ಟದ್ದರ ಮೇಲೆ ಅವಳೇ ಭಯವನ್ನು ಹರವಿ ಕೂತಿದ್ದಳು!

ಉಡುಪನ್ನು ಅಪ್ಪಿಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಅಳುವೋ ನಗುವೋ, ಅವಳಿಗೇ ತಿಳಿಯಲಿಲ್ಲ.

ಮೆಟ್ಟಿಲ ಮೇಲೆ ಓಡಿಬರುವ ಹೆಜ್ಜೆ ಕೇಳಿತು. ಬಾಗಿಲಲ್ಲಿ ರೊನಾನ್! ಬೆವರಿದ ಹಣೆ, ಎರಡೂ ಕೈಯಲ್ಲಿ ಒಂದು ಬಟ್ಟಲು. ಬಟ್ಟಲಲ್ಲಿ ಬೆಳ್ಳಗಿನ ತೋಫು. ಅದರ ನಡುವೆ ನೆಟ್ಟಗೆ ನಿಂತಿತ್ತು, ಕಾಣಿಸಿಯೂ ಕಾಣಿಸದಷ್ಟು ಸಣ್ಣ ಮೊನೆ.

"ಕ್ಷಮಿಸಿ... ಒಂದು ಅಂಗಡಿ ಮುಚ್ಚಿತ್ತು. ಊರಿನ ಆ ತುದಿಗೆ ಹೋದೆ. ಮೊನೆಯನ್ನ ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ದಾರಿಯುದ್ದಕ್ಕೂ..." ಬಿಚ್ಚಿದ ಅಂಚು ಕಂಡು ಅವನ ಮುಖ ಬಿಳುಚಿತು. "ನೀವು... ನಾನು ಬರೆದಿಟ್ಟಿದ್ದೆನಲ್ಲ!"

"ಈಗ ನೋಡಿದೆ."

"ಅಂದರೆ ಎರಡು ಗಂಟೆ ಹೊತ್ತು ನೀವು..." ಅವನು ಅವಳೆದುರು ಮೊಣಕಾಲೂರಿದ. "ಆ ತಂತಿಗೆ ತಗುಲಿ ಮುರೀತು ಚಿಗುಸಾ. ನಿಮಗೆ ಸೂಜಿ ಅಂದರೇನು ಅಂತ ಗೊತ್ತಿದ್ದೂ ಮುಟ್ಟಿದೆ. ತಪ್ಪು ನನ್ನದು."

"ಇಲ್ಲ. ಮೊದಲು ನನ್ನ ತಪ್ಪು ಕೇಳಿ."

ಅವಳು ಹೇಳಿದಳು. ನಗಾರಿ, ಅಮ್ಮನ ದನಿ, ಆ ಸುಳ್ಳು, ಆ ಕೂಸು. ಇಪ್ಪತ್ತೆರಡು ವರ್ಷ ಯಾರಿಗೂ ಹೇಳದ್ದನ್ನೆಲ್ಲ. ಸೊಲಾಂಜ್ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡಳು.

"ಈಗ ಹೇಳಿ" ಎಂದಳು ಚಿಗುಸಾ ತಲೆತಗ್ಗಿಸಿ. "ಇಂಥವಳ ಕೂದಲಿಗೆ ನಿಮ್ಮ ಕೂದಲು ಹೊಸೀತೀರಾ?"

ರೊನಾನ್ ಎದ್ದು ಸೂಜಿಮೆತ್ತೆಯ ಬಳಿಗೆ ಹೋದ. ಅಲ್ಲಿದ್ದ ಅರ್ಧ ಸೂಜಿ ತೆಗೆದುಕೊಂಡು ಬಂದು ತೋಫುವಿನಲ್ಲಿ ಮೊನೆಯ ಪಕ್ಕಕ್ಕೇ ಚುಚ್ಚಿದ.

"ಒಂಬತ್ತು ವರ್ಷದ ಮಗು ಇಷ್ಟು ವರ್ಷ ಗಟ್ಟಿ ಬಟ್ಟೆಯಲ್ಲೇ ನಡೆದಿದೆ" ಎಂದ. "ಸಾಕು. ಅದೂ ಸ್ವಲ್ಪ ಮಲಗಲಿ."

ಇಬ್ಬರೂ ಆ ಬಟ್ಟಲಿಗೆ ತಲೆಬಾಗಿದರು. ಅವಳು ಅವಳ ದೇವರಿಗೆ, ಅವನು ಅವನ ದೇವರಿಗೆ.

"ಅಮ್ಮನಿಗೆ ಕಾಗದ ಬರೀಬೇಕು" ಎಂದಳು ಅವಳು. "ಕಣ್ಣು ಮೋಸ ಮಾಡಲಿಲ್ಲ ಅಂತ."

"ನಾಳೆಯ ಪ್ರದರ್ಶನ ಮುಗೀಲಿ. ಜೊತೆಗೆ ಕೂತು ಬರೆಯೋಣ."

"ಮೊದಲು ಈ ಅಂಚು ಹೊಲೀರಪ್ಪಾ!" ಎಂದು ಸೊಲಾಂಜ್ ಗದರಿದಳು. "ಆ ಮುದುಕ ಬೆಳಿಗ್ಗೆ ಕೋಲು ಹಿಡಿದು ಬರ್ತಾನೆ. ಆಮೇಲೆ ಬೇಕಾದಷ್ಟು ಅತ್ತುಕೊಳ್ಳಿ."

ಮೂವರೂ ಮೂರು ಬದಿಯಲ್ಲಿ ಕೂತು ಹೊಲಿದರು. ಕೊನೆಯ ಗೇಣು ಉಳಿದಾಗ ಚಿಗುಸಾ ಆ ಎರಡು ಕೂದಲುಗಳನ್ನು ಎತ್ತಿಕೊಂಡಳು. ಅವನು ನೋಡುತ್ತಿದ್ದಂತೆಯೇ ಮಡಿಕೆಯೊಳಗಿಟ್ಟು, ತಾನೇ ಹೊಲಿದು, ಗಂಟು ಹಾಕಿದಳು.

ಮೆತ್ತೆಯ ಮುಂದೆ ಕೂತು ಎಣಿಸಿದಳು. ಹನ್ನೊಂದು. ಹನ್ನೆರಡನೆಯದು ಬಿಳಿಯ ಬಟ್ಟಲಲ್ಲಿ, ಎರಡೂ ಚೂರು ಅಕ್ಕಪಕ್ಕ.

ಕೋಟು ತೊಟ್ಟು ಬಾಗಿಲಲ್ಲಿ ಕಾಯುತ್ತಿದ್ದ ರೊನಾನ್ ಮೆಲ್ಲನೆ ಕೇಳಿದ:

"ಚಿಗುಸಾ... ಎಲ್ಲಾ ಇದೆಯಾ?"

ಅವಳು ಇನ್ನೊಮ್ಮೆ ಎಣಿಸಿದಳು. ಆಮೇಲೆ ಎದ್ದು ಬಂದು, ಮೊದಲ ಬಾರಿಗೆ, ಅವನ ಕೈ ಹಿಡಿದಳು.

"ಎಲ್ಲಾ ಇದೆ."