ಸತ್ತವನು ಬಿಡಿಸುತ್ತಿದ್ದ ಬೂಟು

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ದೂರನ್ನು ಹೇಗೆ ಬರೆದುಕೊಳ್ಳುವುದೆಂದು ತಿಳಿಯದೆ ರೈಟರ್ ಪೆನ್ನು ಕೆಳಗಿಟ್ಟ. ದೂರು ಕೊಟ್ಟವರು ಕಾಲು ಸೊಟ್ಟಗಿರುವವರಿಗೆ ಅಳತೆಯ ಬೂಟು ಮಾಡಿಕೊಡುವ ಕಾರ್ಖಾನೆಯ ಯಜಮಾನಿ. ಮೂರು ತಿಂಗಳ ಹಿಂದೆ ತೀರಿಕೊಂಡ ಗಂಡ ಮಧ್ಯಾಹ್ನದ ಹೊತ್ತು ನನ್ನ ಕಂಪ್ಯೂಟರಿನಲ್ಲಿ ಬೂಟಿನ ಚಿತ್ರ ಬಿಡಿಸುತ್ತಿದ್ದಾರೆ ಎಂದರು. ಇನ್‌ಸ್ಪೆಕ್ಟರ್ ಮೀಸೆಯಡಿ ನಗು ನುಂಗಿಕೊಂಡರು.

"ಯಾರಾದ್ರೂ ಆಟ ಆಡ್ತಿದ್ರೆ ಹಿಡೀರಿ. ಅವರೇ ಆಗಿದ್ರೆ ಅದನ್ನೂ ಹೇಳಿ. ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ನಂಗೆ ಹುಚ್ಚು ಹಿಡೀತಿದೆ."

ನಗು ಅಲ್ಲಿಗೇ ಆರಿತು. ಅಪರಿಚಿತ ವ್ಯಕ್ತಿ ಅನುಮತಿಯಿಲ್ಲದೆ ಕಂಪ್ಯೂಟರಿಗೆ ನುಗ್ಗಿದ್ದಾನೆಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್, ಸೈಬರ್ ವಿಭಾಗದ ಮಹಿಳಾ ಕಾನ್‌ಸ್ಟೇಬಲ್ ಜೊತೆ ಕಾರ್ಖಾನೆಗೆ ಹೋದರು. ಒಳಗೆಲ್ಲ ಅಂಟಿನ ವಾಸನೆ. ಗಿರಾಕಿಗಳ ಪಾದದ ಮರದ ಅಚ್ಚುಗಳು ಗೋಡೆಯುದ್ದಕ್ಕೂ ತೂಗಾಡುತ್ತಿದ್ದವು. ಯಜಮಾನಿಯ ಮೈದುನ ಕುರ್ಚಿ ತಂದಿಟ್ಟು, ಹಿಂದಿನ ಚರ್ಮ ಕತ್ತರಿಸುವ ಕೋಣೆಗೆ ಹೋದ.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಬೂದುಬಣ್ಣದ ಅಂಚಿನ ಹಳೆಯ ವಿಂಡೋ ತಾನಾಗಿಯೇ ತೆರೆಯಿತು. ಅದು ಗಂಡ ಬಳಸುತ್ತಿದ್ದ ಸಾಫ್ಟ್‌ವೇರ್, ಬೇರೆ ಆಪರೇಟಿಂಗ್ ಸಿಸ್ಟಮ್‌ಗೆಂದು ಮಾಡಿದ್ದು, ಈ ಕಂಪ್ಯೂಟರಿನಲ್ಲಿ ತೆರೆಯುವ ಮಾತೇ ಇಲ್ಲ ಎಂದು ಯಜಮಾನಿ ಪಿಸುಗುಟ್ಟಿದರು. ಮೌಸ್ ಹತ್ತಿರ ಯಾರ ಕೈಯೂ ಇರಲಿಲ್ಲ. ಗೆರೆಯೊಂದು ಹಿಮ್ಮಡಿಯತನಕ ಹೋಗಿ, ನಿಂತು, ಅಳಿಸಿಕೊಂಡು, ಮತ್ತೆ ಮೂಡಿತು.

"ಹಿಮ್ಮಡೀನ ಅವರು ಯಾವಾಗಲೂ ಎರಡು ಸಲ ಬಿಡಿಸೋರು," ಎಂದರು ಯಜಮಾನಿ.

ಇನ್‌ಸ್ಪೆಕ್ಟರ್ ಹೆಣಗಳ ನಡುವೆಯೇ ನೌಕರಿ ಸವೆಸಿದವರು. ಆದರೂ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರು.

ಕಾನ್‌ಸ್ಟೇಬಲ್ ಕಂಪ್ಯೂಟರನ್ನು ಜಾಲಾಡಿದಳು. ಆ ಸಾಫ್ಟ್‌ವೇರಿನ ಸುಳಿವೇ ಅದರಲ್ಲಿರಲಿಲ್ಲ.

"ಇದು ಬೇರೆ ಯಾವುದೋ ಕಂಪ್ಯೂಟರಲ್ಲಿ ಓಡ್ತಿದೆ ಸಾರ್. ಒಂದು ಸಿಸ್ಟಮ್‌ನ ಸಾಫ್ಟ್‌ವೇರನ್ನ ಇನ್ನೊಂದರಲ್ಲಿ ಓಡಿಸೋಕೆ ನಡುವೆ ಒಂದು ಪ್ರೋಗ್ರಾಮ್ ಹಾಕಿದ್ದಾರೆ. ಇಲ್ಲಿಗೆ ಬರ್ತಿರೋದು ಅದರ ಮುಖ ಮಾತ್ರ."

ಅವಳು ಮೌಸ್ ಹಿಡಿದು, ಅದೇ ವಿಂಡೋದಲ್ಲಿ ಕಡತ ತೆರೆಯುವ ಗುಂಡಿ ಒತ್ತಿದಳು. ಸಾಫ್ಟ್‌ವೇರ್ ಎಲ್ಲಿ ಓಡುತ್ತಿದೆಯೋ ಅಲ್ಲಿನ ಫೋಲ್ಡರುಗಳೇ ಕಾಣುತ್ತವೆ ಎಂಬುದು ಅವಳ ಲೆಕ್ಕಾಚಾರ. ಅಲ್ಲಿದ್ದ ಒಂದು ಕಡತ ಒತ್ತಿದಾಗ ಯಜಮಾನಿಯ ಗಂಡ ಮತ್ತು ಮೈದುನ ಒಂದೇ ಬೆಂಚಿನ ಮೇಲೆ ಕೂತ ಫೋಟೊ ತೆರೆದುಕೊಂಡಿತು. ಯಜಮಾನಿ ಕತ್ತರಿಸುವ ಕೋಣೆಯ ಕಡೆ ತಿರುಗಿದರು. ಅದು ಮೈದುನನ ಹತ್ತಿರ ಮಾತ್ರ ಇದ್ದ ಫೋಟೊ.

ಕತ್ತರಿಸುವ ಕೋಣೆಯಲ್ಲಿ, ಚರ್ಮದ ಸುರುಳಿಗಳ ಹಿಂದೆ, ಸಣ್ಣ ಕಂಪ್ಯೂಟರೊಂದು ಸಿಕ್ಕಿತು. ಪಂಚರ ಎದುರು ಪಂಚನಾಮೆ ಬರೆದು ಜಪ್ತಿ ಮಾಡಿದರು. ಮೈದುನನ ವಿಚಾರಣೆ ಅಲ್ಲಿಯೇ ನಡೆಯಿತು.

"ಯಾಕೆ ಮಾಡಿದೆ?"

"ಅಣ್ಣನ ಡ್ರಾಯಿಂಗ್ ಅರ್ಧಕ್ಕೆ ನಿಂತಿತ್ತು ಸಾರ್. ಅವನು ಕಲಿಸಿದ ಹಾಗೇ ಮುಗಿಸೋಣ ಅಂತ."

"ಅತ್ತಿಗೆ ಕಂಪ್ಯೂಟರಿಗೆ ಯಾಕೆ ಕಳಿಸಿದೆ?"

"ನಮ್ಮಲ್ಲಿ ಯಾವ ಡ್ರಾಯಿಂಗಾದ್ರೂ ಅತ್ತಿಗೆ ನೋಡಿ ಸರಿ ಅಂದ್ರೇನೇ ಚರ್ಮಕ್ಕೆ ಕತ್ತರಿ ಹಾಕೋದು. ರೂಢಿಯಲ್ಲಿ ಕೈ ಅವರ ಕಂಪ್ಯೂಟರಿನ ವಿಳಾಸವನ್ನೇ ಹಾಕಿಬಿಡ್ತು."

"ತಪ್ಪು ಗೊತ್ತಾದ ಮೇಲೆ ನಿಲ್ಲಿಸಬಹುದಿತ್ತಲ್ಲ?"

 ಅವನು ಹೇಳಿದ್ದು ದೂರಿನಲ್ಲಿ ಇಲ್ಲದ ಸಂಗತಿ. ಮೊದಲ ದಿನವೇ, ಚಿತ್ರದ ಪಕ್ಕ ಟಿಪ್ಪಣಿ ಬರೆಯುವ ಜಾಗದಲ್ಲಿ, ಅತ್ತಿಗೆ ಒಂದು ಸಾಲು ಬರೆದಿದ್ದರು. ಅಣ್ಣ ಕೊನೆಯ ವಾರಗಳಲ್ಲಿ ನೋವಿಗೆ ಹಾಸಿಗೆಯ ಅಂಚು ಕಚ್ಚಿಕೊಂಡು ಮಲಗಿರುತ್ತಿದ್ದ. ಅತ್ತಿಗೆ ಕೇಳಿದ್ದು ಅದನ್ನೇ: ಈಗ ನೋವು ಕಡಿಮೆ ಆಯ್ತಾ?

"ಆಯ್ತು ಅಂತ ಬರೆದೆ. ಮತ್ತೇನು ಬರೀಲಿ ಸಾರ್? ಅವತ್ತಿಂದ ಅತ್ತಿಗೆ ನಿದ್ದೆ ಮಾಡೋಕೆ ಶುರು ಮಾಡಿದ್ರು. ಮಾರನೇ ದಿನ ವಿಂಡೋ ತೆರೀದಿದ್ರೆ ಏನಾಗ್ತಿತ್ತೋ ಅಂತ ಭಯ."

ಇನ್‌ಸ್ಪೆಕ್ಟರ್ ಇಷ್ಟು ವರ್ಷದಲ್ಲಿ ಇಂಥ ಆರೋಪಿಯನ್ನು ಕಂಡಿರಲಿಲ್ಲ.  ಆದರೂ ಬಂಧನದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಅವನನ್ನು ಹೊರಗೆ ಕರೆತಂದರು.

ಜೀಪಿನ ಹತ್ತಿರ ಯಜಮಾನಿ ನಿಂತಿದ್ದರು. ಮೈದುನನನ್ನು ಬೈಯಲಿಲ್ಲ.

"ಆಯ್ತು ಅಂತ ಬರೆದಿದ್ದು ನೀನಾ?"

"ಹೌದು ಅತ್ತಿಗೆ."

ಅವರು ಇನ್‌ಸ್ಪೆಕ್ಟರ್ ಕಡೆ ತಿರುಗಿದರು.

"ಹಾಗಾದ್ರೆ ಅವರಿಗೆ ನೋವು ಕಡಿಮೆ ಆಯ್ತೋ ಇಲ್ವೋ, ಯಾರಿಗೂ ಗೊತ್ತಿಲ್ಲ ಅಲ್ವಾ?"