ಹುಬ್ಬಳ್ಳಿಯ ಬರ್ಫ, ಧಾರವಾಡದ ಬಾಯಾರು

"ನಿಮ್ಮ ಬರ್ಫ ಕರಗಿ ನೀರಾಗೇತ್ರಿ. ಇದನ್ನ ತಗೊಂಡು ನಾ ಏನ್ ಮಾಡ್ಲಿ?"

ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ನೋಡುತ್ತಿರುವಾಗಲೇ ಊರವರೆಲ್ಲ 'ಬಾಯಾರು' ಎಂದು ಕರೆಯುವ ನರ್ಸ್ ಶೇವಂತೆವ್ವ ಕೇಳಿಬಿಟ್ಟಳು. ಎದುರಿಗೆ ನಿಂತವನು ಹುಬ್ಬಳ್ಳಿ ಮುನ್ಸಿಪಾಲಿಟಿಯ ಸ್ಯಾನಿಟರಿ ಇನ್ಸ್‌ಪೆಕ್ಟರ್ ಅರ್ಜುನಪ್ಪ. ಅವನ ಕೈಯಲ್ಲಿ ಗೋಣಿತಟ್ಟು ಸುತ್ತಿದ ಮರದ ಪೆಟ್ಟಿಗೆ. ಅದರಿಂದ ಸೋರಿದ ನೀರಿಗೆ ಪಾಪ, ಅವನ ಇಸ್ತ್ರಿ ಮಾಡಿದ ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿತ್ತು.

"ಮ್ಯಾಲಿಂದಷ್ಟ ಕರಗೇತ್ರಿ ಬಾಯಾರ. ಒಳಗ ಕೈ ಹಾಕಿ ನೋಡ್ರಿ."

ಹಾಕಿದಳು. ಕಟ್ಟಿಗೆ ಹೊಟ್ಟಿನ ನಡುವೆ ಬರ್ಫದ ಗಡ್ಡೆ ಗಟ್ಟಿಯಾಗಿಯೇ ಇತ್ತು, ಅದರೊಳಗೆ ಲಸಿಕೆಯ ಗಾಜಿನ ನಳಿಕೆಗಳು. ತಲೆ ಎತ್ತಿದರೆ ಅವನು ನಗುತ್ತಿರಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಮಾಡಬಹುದಿತ್ತು...

'ಇವರ ಕಣ್ಣು ಯಾಕ ಇಷ್ಟು ಶಾಂತ ಅದಾವು?' ಅಂದುಕೊಂಡಳು, ಅಂದುಕೊಂಡಿದ್ದಕ್ಕೆ ತನ್ನ ಮೇಲೆ ತಾನೇ ಮುನಿಸಿಕೊಂಡಳು.

ಅದು ಸಾವಿರದ ಒಂಬೈನೂರ ಅರವತ್ತೊಂದು. ಎರಡೂ ಊರು ಕೂಡಿ ಒಂದಾಗುತ್ತವೆ ಎಂಬುದು ಆಗಿನ್ನೂ ಚಹಾದ ಅಂಗಡಿಯ ಮಾತು. ಧಾರವಾಡದವರಿಗೆ ಹುಬ್ಬಳ್ಳಿ ಎಂದರೆ ಬರೀ ಗದ್ದಲ, ಹುಬ್ಬಳ್ಳಿಯವರಿಗೆ ಧಾರವಾಡ ಎಂದರೆ ಬರೀ ಬಿಗುಮಾನ. ಆದರೆ ಸಿಡುಬು ಊರಿನ ಹೆಸರು ಕೇಳಿಕೊಂಡು ಬರುವುದಿಲ್ಲವಲ್ಲ! ಸುತ್ತಲಿನ ಹಳ್ಳಿಗಳಿಂದ ಸುದ್ದಿ ಬರತೊಡಗಿದಾಗ ಎರಡೂ ಮುನ್ಸಿಪಾಲಿಟಿಯ ಹಿರಿಯರು ಒಂದೇ ಜಮಖಾನೆಯ ಮೇಲೆ ಕೂತರು.

ಲಸಿಕೆ ಕೆಡದಂತೆ ಇಡಲು ಬೇಕಾದ ಬರ್ಫ ಹುಬ್ಬಳ್ಳಿಯಲ್ಲಿ ಸಿಗುತ್ತಿತ್ತು, ಧಾರವಾಡದಲ್ಲಿ ಇರಲಿಲ್ಲ. ಹೆಂಗಸರು ಪರದೆಯಲ್ಲಿರುವ ಗೋಷಾ ಮನೆಗಳ ಒಳಗೆ ಹೋಗಿ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಬಲ್ಲ ನರ್ಸ್ ಧಾರವಾಡದಲ್ಲಿದ್ದಳು, ಹುಬ್ಬಳ್ಳಿಯಲ್ಲಿ ಇರಲಿಲ್ಲ. ಹಾಗಾಗಿ ಕೊಡು-ಕೊಳ್ಳುವ ಒಪ್ಪಂದವಾಯಿತು. ಪ್ರತಿ ಸೋಮವಾರ ಪೆಟ್ಟಿಗೆ ಧಾರವಾಡಕ್ಕೆ ಬರಬೇಕು, ಪ್ರತಿ ಗುರುವಾರ ಉಳಿದ ಲಸಿಕೆಯೊಡನೆ ಅದೇ ಪೆಟ್ಟಿಗೆ ಹಿಡಿದು ಶೇವಂತೆವ್ವ ಹುಬ್ಬಳ್ಳಿಗೆ ಹೋಗಬೇಕು.

ಶೇವಂತೆವ್ವ ತನ್ನ ಓಣಿಯಲ್ಲಿ ನರ್ಸಿಂಗ್ ಕಲಿತ ಮೊದಲ ಹುಡುಗಿ. ತಾನು ಮುಟ್ಟಿದ ಕುರ್ಚಿಯನ್ನು ಒರೆಸಿ ಕೂರುವವರನ್ನು ನೋಡಿದವಳು. ಅದಕ್ಕೇ ಇರಬೇಕು, ಸ್ವಚ್ಛತೆಯಲ್ಲಿ ಯಾರೂ ಬೆರಳು ತೋರಿಸದಂತೆ ಇದ್ದಳು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವಾಗಿನ ರೂಢಿ, ತೋಳಿಗೆ ಸ್ಪಿರಿಟ್ ಹಚ್ಚಿ ಗಸಗಸ ಒರೆಸದೆ ಸೂಜಿ ಮುಟ್ಟುತ್ತಿರಲಿಲ್ಲ.

ಸೋಮವಾರಗಳು ಬಂದವು, ಹೋದವು. ಪೆಟ್ಟಿಗೆ ಇಳಿಸಿದ ಮೇಲೆ ಅರ್ಜುನಪ್ಪ ಒಂದು ಚಹಾ ಕುಡಿಯುವಷ್ಟು ಹೊತ್ತು ನಿಲ್ಲುತ್ತಿದ್ದ. ಮಾತು ಕಡಿಮೆ. ಅವಳು ಮಾತಾಡಿದರೆ ಮಾತ್ರ ಕಪ್ಪು ಕೆಳಗಿಟ್ಟು ಕೇಳುತ್ತಿದ್ದ. ಹಾಗೆ ತನ್ನ ಮಾತನ್ನು ಯಾರಾದರೂ ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಭಾನುವಾರ ಸಂಜೆಯೇ ಸೀರೆ ತೆಗೆದಿಡುವುದು ಶುರುವಾಯಿತು. ಪ್ರೀತಿ ಎಂದು ಅವಳು ಅದನ್ನು ಕರೆಯಲಿಲ್ಲ, ನಾವು ಕರೆಯೋಣ.

ಆಮೇಲೆ ಆ ಕೆಟ್ಟ ದಿನ ಬಂತು. ದೇವಿ ಹಾಕಿದ ವಾರದ ಮೇಲೆ ತೋಳಿನಲ್ಲಿ ಬೊಕ್ಕೆ ಏಳಬೇಕು, ಎದ್ದರೆ ಮಾತ್ರ ಮಗುವಿಗೆ ರಕ್ಷಣೆ. ಧಾರವಾಡದ ಓಣಿಗಳಲ್ಲಿ ತಪಾಸಣೆಗೆ ಹೋದ ಹೆಲ್ತ್ ಆಫೀಸರಿಗೆ ಸಿಕ್ಕಿದ್ದು ಬರೀ ನುಣ್ಣನೆಯ ತೋಳುಗಳು.

"ಯಾಕ ಎದ್ದಿಲ್ಲ ಬಾಯಾರ?"

ಅವಳಿಗೆ ತನ್ನ ಕೈ ತಪ್ಪಿರಬಹುದು ಎಂಬ ವಿಚಾರ ಸುಳಿಯಲೇ ಇಲ್ಲ.

"ಬರ್ಫ ದಾರ್ಯಾಗ ಕರಗಿರಬೇಕ್ರಿ ಸಾಹೇಬ್ರ. ಒಂದೊಂದ ಸಲ ಪೆಟ್ಟಿಗಿ ಸೋರತಿತ್ರಿ."

ಮಾತು ಆಡಿದರೆ ಹೋಯಿತು. ಮರುದಿನವೇ ಅದು ಹುಬ್ಬಳ್ಳಿ ಮುಟ್ಟಿತು. "ನಮ್ಮ ಇನ್ಸ್‌ಪೆಕ್ಟರ್‌ನ ಮ್ಯಾಲೆ ತಪ್ಪು ಹೊರಿಸ್ತೀರೇನ?" ಎಂದು ಅಲ್ಲಿಯವರು, "ಕೆಟ್ಟ ಮಾಲು ಕಳಿಸಿ ನಮ್ಮ ಮಕ್ಕಳನ್ನ ಕೊಲ್ಲತೀರೇನ?" ಎಂದು ಇಲ್ಲಿಯವರು. ಶನಿವಾರ ಹುಬ್ಬಳ್ಳಿಯಲ್ಲಿ ಕೂಡು ಸಭೆ. ಒಪ್ಪಂದ ಮುರಿಯುವುದು, ಅರ್ಜುನಪ್ಪನನ್ನು ಕೆಲಸದಿಂದ ಇಳಿಸುವುದು, ಎರಡೂ ಹೆಚ್ಚುಕಡಿಮೆ ನಿಶ್ಚಯವಾಗಿತ್ತು.

ಗುರುವಾರ ಅವಳು ಹುಬ್ಬಳ್ಳಿಯಲ್ಲಿ ಇಳಿದಾಗ ಅವನು ಎದುರಾದ.

"ನನ್ನ ಒಂದು ಮಾತು ಕೇಳಬಹುದಿತ್ತಲ್ರಿ ಬಾಯಾರ," ಎಂದ. ಅಷ್ಟೇ. ಅವಳ ಉತ್ತರಕ್ಕೂ ನಿಲ್ಲದೆ ಹೋದ.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು... ಕಣ್ಣೊರೆಸಿಕೊಂಡು ಅವಳು ಗೋಷಾ ಓಣಿಯಲ್ಲಿದ್ದ ರೆಹಮತ್‌ಬಿಯ ಮನೆಗೆ ಹೋದಳು. ಹಿಂದಿನ ವಾರ ಆ ಓಣಿಯ ಹೆಂಗಸರು, ಮಕ್ಕಳೆಲ್ಲ ಆ ಮನೆಯ ಪಡಸಾಲೆಯಲ್ಲೇ ದೇವಿ ಹಾಕಿಸಿಕೊಂಡಿದ್ದರು.

"ನೋಡ್ರಿ, ನನ್ನ ಮಗಳು ಕೈ ಎತ್ತಾಕ ಒಲ್ಲಳು," ಎಂದು ರೆಹಮತ್‌ಬಿ ಮಗುವಿನ ತೋಳು ತೋರಿಸಿದಳು.

ದುಂಡನೆಯ, ಚೆಂದದ ಬೊಕ್ಕೆ! ಪಕ್ಕದ ಮಗುವಿಗೂ, ಅದರ ತಾಯಿಗೂ. ಒಬ್ಬರಿಗೂ ತಪ್ಪಿರಲಿಲ್ಲ.

ಶೇವಂತೆವ್ವ ಒಂದೊಂದೇ ತೋಳು ಹಿಡಿದು ಮತ್ತೆ ನೋಡಿದಳು. ಲಸಿಕೆ ಅದೇ, ಪೆಟ್ಟಿಗೆ ಅದೇ, ಸೂಜಿಯೂ ಅದೇ. ಹಾಗಾದರೆ...

"ರೆಹಮತ್‌ಬಿ, ಅವತ್ತ ಇಲ್ಲಿ ನಾ ಬ್ಯಾರೆ ಏನರ ಮಾಡಿದ್ನೇನ?"

"ಬ್ಯಾರೆ ಏನಿಲ್ರಿ. ನಿಮ್ಮ ಬಾಟ್ಲಿ ಔಷಧ ಸೆರೆ ಕುಡದವ್ರಂಗ ನಾತ ಹೊಡೀತೈತಿ, ನಮ್ಮನ್ಯಾಗ ಬ್ಯಾಡ ಅಂತ ನಮ್ಮತ್ತಿ ಹಟಾ ಹಿಡದ್ರಲ್ಲ. ಸಾಬೂನು ಹಚ್ಚಿ ತೊಳದು, ಒಣಾ ಅರಿವಿಲೆ ಒರಸಿ ಹಾಕಿದ್ರಿ."

ಸ್ಪಿರಿಟ್ ಕ್ರಿಮಿಯನ್ನು ಕೊಲ್ಲುತ್ತದೆ. ದೇವಿಯ ಲಸಿಕೆಯಲ್ಲೋ ಜೀವವಿರಬೇಕು. ಸ್ಪಿರಿಟ್ ಆರದ ಒದ್ದೆ ತೋಳಿನ ಮೇಲೆ ಅದನ್ನು ಹಾಕಿ ಹಾಕಿ, ಆ ಜೀವವನ್ನು ತಾನೇ ಕೊಂದಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಂತೆ, ತಪ್ಪನ್ನೆಲ್ಲ ಬರ್ಫದ ಮೇಲೆ ಹಾಕಿದ್ದಳು!

'ಹೇಳಿದರ ನೌಕರಿ ಹೋಗಬಹುದು. ಓಣಿಯವರು ಏನಂದಾರು? ಕಲಿತವಳ ಹಣೇಬಾರ ಇಷ್ಟ ಅಂದಾರು...' ಎರಡು ದಿನ ಅನ್ನ ಸೇರಲಿಲ್ಲ. ಆದರೆ ಕಣ್ಣು ಮುಚ್ಚಿದರೆ ನುಣ್ಣನೆಯ ತೋಳುಗಳೇ ಕಾಣುತ್ತಿದ್ದವು. ಆ ಮಕ್ಕಳಿಗೆ ಮತ್ತೆ ದೇವಿ ಹಾಕಬೇಕಿತ್ತು, ಅದಕ್ಕೆ ಹುಬ್ಬಳ್ಳಿಯ ಬರ್ಫವೇ ಬೇಕಿತ್ತು.

ಶನಿವಾರ ಸಭೆಯಲ್ಲಿ ಕರೆಯುವ ಮೊದಲೇ ಎದ್ದು ನಿಂತಳು.

"ಬರ್ಫದ್ದು ತಪ್ಪಿಲ್ರಿ. ಇನ್ಸ್‌ಪೆಕ್ಟರ್ ಸಾಹೇಬ್ರದೂ ಅಲ್ಲ. ತಪ್ಪು ನಂದು." ಸ್ಪಿರಿಟಿನ ಕಥೆ ಪೂರಾ ಹೇಳಿದಳು. "ನನಗ ಏನ್ ಶಿಕ್ಷಾ ಕೊಡ್ತೀರಿ ಕೊಡ್ರಿ. ಆದ್ರ ಸೋಮವಾರದ ಪೆಟ್ಟಿಗಿ ನಿಲ್ಲಿಸಬ್ಯಾಡ್ರಿ."

ಪಾಪ, ಜಗಳಕ್ಕೆಂದೇ ತಯಾರಾಗಿ ಬಂದಿದ್ದ ಹುಬ್ಬಳ್ಳಿಯ ಹಿರಿಯರೊಬ್ಬರು ಏರಿಸಿದ್ದ ಅಂಗಿಯ ತೋಳನ್ನು ಇಳಿಸಿಕೊಂಡರು.

ಹೆಲ್ತ್ ಆಫೀಸರು ಕನ್ನಡಕ ತೆಗೆದು ಉಸಿರು ಬಿಟ್ಟರು. "ಕಾರಣ ಗೊತ್ತಾತಲ್ಲ, ಅಷ್ಟ ಸಾಕು. ಯಾವ ಮಗುವಿಗೂ ಇನ್ನೂ ಸಿಡುಬಿನ ಬ್ಯಾನಿ ಬಂದಿಲ್ಲ. ಸೋಮವಾರದಿಂದ ಮತ್ತ ಹಾಕ್ರಿ ಬಾಯಾರ, ಸಾಬೂನು-ನೀರು ಹಚ್ಚಿ."

ಶೇವಂತೆವ್ವಳಿಗೆ ಎದೆಯ ಮೇಲಿನ ಬೀಸುಕಲ್ಲು ಯಾರೋ ಎತ್ತಿಟ್ಟ ಹಾಗಿತ್ತು. ಎರಡೂ ಊರಿನವರು ಒಟ್ಟಿಗೆ ಚಹಾ ಕುಡಿಯುವಾಗ ಅವಳು ಹೊರಗಿನ ಬೇವಿನ ಮರದ ಕೆಳಗೆ ಹೋಗಿ ಮನಸಾರೆ ಅತ್ತಳು.

"ಈಗ್ಯಾಕ ಅಳ್ತೀರಿ?" ಅರ್ಜುನಪ್ಪ ಬಂದು ನಿಂತಿದ್ದ.

"ನಿಮ್ಮ ನೌಕರಿ ಉಳೀತಲ್ರಿ, ಅದಕ್ಕ." ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ಕ್ಷಮಾ ಮಾಡ್ರಿ. ಇನ್ನ ಮ್ಯಾಲೆ ಪೆಟ್ಟಿಗಿ ಯಾರ ಕೈಯಾಗಾದ್ರೂ ಕಳಸ್ರಿ. ನನ್ನ ಮುಖಾ ನೋಡೂದು ನಿಮಗ ಬ್ಯಾಡಾಗಿರಬೇಕು."

"ಪೆಟ್ಟಿಗಿ ತರೂದು ಖರೇ ಅಂದ್ರ ಪ್ಯೂನನ ಕೆಲಸ ರಿ."

"ಹಂಗಂದ್ರ?"

"ಮೊದಲ್ನೇ ಸೋಮವಾರ ಅಂವಗ ಜ್ವರಾ ಬಂದಿತ್ತು. ಅದಕ್ಕ ನಾ ಬಂದಿದ್ದೆ."

"ಇನ್ನೂ ಆರಾಮ ಆಗಿಲ್ಲೇನ ಅವಂಗ?"

"ಮರುದಿನಾನ ಆರಾಮ ಆತ್ರಿ," ಎಂದ ಅರ್ಜುನಪ್ಪ, ನೆಲ ನೋಡುತ್ತ. "ನನಗ ಆಗಲಿಲ್ಲ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ನಮ್ಮವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ಲೇನ್ರಿ?"

"ನಾ ನೌಕರಿ ಬಿಡೂದಿಲ್ಲ," ಎಂದಳು ಮೆಲ್ಲಗೆ.

"ಬಿಡ್ರಿ ಅಂದಾವ್ರ ಯಾರು?"

"ನಂದು ಧಾರವಾಡ, ನಿಮ್ಮದು ಹುಬ್ಬಳ್ಳಿ. ಮನಿ ಎಲ್ಲಿ ಮಾಡೂದು?"

"ಅದಕ್ಕೂ ಒಂದು ಮೀಟಿಂಗ ಕರೀಬೇಕಾಗತೈತಿ," ಎಂದ ಅವನು. ಅವಳು ಮೊದಲ ಸಲ ಅವನ ನಗು ಕಂಡಳು. "ಹಿರ್ಯಾರು ಬ್ಯಾಡ. ನಾವಿಬ್ಬರ ಸಾಕು."

"ಕರೀರಿ," ಎಂದಳು ಶೇವಂತೆವ್ವ. "ಆ ಮೀಟಿಂಗಿನ್ಯಾಗ ಮೊದಲ ನಿಮ್ಮ ಮಾತು ಕೇಳ್ತೇನಿ. ಆಮ್ಯಾಲೆ ನಂದು ಹೇಳ್ತೇನಿ."