ರಿಪೇರಿಗೆಂದು ಬಿಟ್ಟ ಮನೆ

"ಎರಡೇ ತಿಂಗಳು ಗೌರಿ. ತೊಲೆ ಬದಲಾಯಿಸಿ, ಹೆಂಚು ಹೊದಿಸಿ, ಮತ್ತೆ ನಿನ್ನ ಕೈಗೇ ಬೀಗದಕೈ," ಎಂದ ಚನ್ನಕೇಶವ.

ಯಶವಂತಪುರದ ಆ ವಠಾರ ಅವನಪ್ಪ ಮುನಿಕೃಷ್ಣಪ್ಪನವರದು. ಬೀದಿಗೆ ಬಾಗಿಲಿದ್ದ ಮನೆಯಲ್ಲಿ ಗೌರಿ, ಅವಳ ತಾಯಿ ಸುಬ್ಬಮ್ಮ ಬಾಡಿಗೆಗಿದ್ದು ರವಿಕೆ ಹೊಲಿದು ಬದುಕುತ್ತಿದ್ದರು. ಕೇಶವ ಆಗಾಗ ಗುಂಡಿ ಕಿತ್ತ ಅಂಗಿ ಹಿಡಿದು ಬರುತ್ತಿದ್ದ. ಕೀಳುವವನು ಅವನೇ ಎಂದು ಅವಳಿಗೆ ಗೊತ್ತಿತ್ತು.

"ನಿಮ್ಮ ಅಂಗಿಗೆ ಗುಂಡಿ ನಿಲ್ಲೋದೇ ಇಲ್ವಲ್ಲ?"

"ಹೊಲಿಯೋರು ಬೇಕಂತಲೇ ಸಡಿಲ ಬಿಡ್ತಾರೆ."

ಅವಳು ನಗು ಕಾಣಿಸಬಾರದೆಂದು ತಲೆ ತಗ್ಗಿಸಿ ದಾರ ಕಚ್ಚುತ್ತಿದ್ದಳು. ಅವನು ಬಾಗಿದ ಆ ಕತ್ತನ್ನೇ ನೋಡುತ್ತಾ ಅಂಗಿ ಇಸಿದುಕೊಳ್ಳುವುದನ್ನೂ ಮರೆಯುತ್ತಿದ್ದ.

ಮನೆ ಬಿಡಲು ಸುಬ್ಬಮ್ಮನಿಗೆ ಮನಸ್ಸಿರಲಿಲ್ಲ. ಹೊಸಿಲು ದಾಟಿದ ಬಾಡಿಗೆದಾರರನ್ನು ಯಾರೂ ವಾಪಸ್ ಕರೆಯುವುದಿಲ್ಲ ಎಂದಳು. ಗೌರಿಯೇ ಗೋಗರೆದು ಒಪ್ಪಿಸಿದಳು. ಮನೆ ಸಿದ್ಧವಾಗುವಷ್ಟರಲ್ಲಿ ಮದುವೆ ಮಾತನ್ನು ಅಪ್ಪನ ಕಿವಿಗೆ ಹಾಕುತ್ತೇನೆಂದು ಕೇಶವ ಹೇಳಿದ್ದ. ಆ ಗುಟ್ಟನ್ನು ಸೆರಗಲ್ಲಿ ಕಟ್ಟಿಕೊಂಡವಳಂತೆ ಅವಳು ಹೊಲಿಗೆ ಮಿಷನ್ನನ್ನು ಗಾಡಿಗೆ ಹೇರಿಸಿ, ದಾಸರಹಳ್ಳಿಯ ನೆಂಟರ ಕೋಣೆಗೆ ಹೋದಳು.

ಎರಡು ತಿಂಗಳು ಕಳೆದು ತಾಯಿ ಮಗಳು ಬಂದು ನೋಡಿದರೆ, ಅಡುಗೆಮನೆಯ ಗೋಡೆ ಇರಲಿಲ್ಲ. ಸೂರಿನವರೆಗೂ ಬೆಲ್ಲದ ಮೂಟೆಗಳು. ರೈಲ್ವೆ ಸ್ಟೇಷನ್ ಹತ್ತಿರವೆಂದು ಮುನಿಕೃಷ್ಣಪ್ಪನವರು ಮನೆಯನ್ನು ಒಬ್ಬ ವ್ಯಾಪಾರಿಗೆ ಗೋದಾಮಿಗಾಗಿ ಕೊಟ್ಟಿದ್ದರು. ಸುಬ್ಬಮ್ಮ ಒಲೆಯಿದ್ದ ಜಾಗದಲ್ಲಿ ಹೋಗಿ ನಿಂತಳು. ಮಗಳನ್ನು ಬೈದಿದ್ದರೆ ಗೌರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕೇಶವ ಹೊರಗೆ ನಿಂತಿದ್ದ.

"ಮೊದಲೇ ಗೊತ್ತಿತ್ತಾ ನಿಮಗೆ?"

ಅವನು ನೆಲ ನೋಡಿದ. "ಗೊತ್ತಿತ್ತು. ನಾನು ಕೇಳಿದ್ರೆ ನೀವು ಮನೆ ಬಿಡ್ತೀರಿ ಅಂತ ಅಪ್ಪ ಹೇಳಿದ್ರು." ಆಮೇಲೆ ಮೆಲ್ಲಗೆ ಸೇರಿಸಿದ, "ಸೊಸೆಯಾಗಿ ಬರೋಳಿಗೆ ಬಾಡಿಗೆ ಮನೆ ಯಾಕೆ ಗೌರಿ?"

ತನ್ನ ಪ್ರೀತಿಯನ್ನು ಅಪ್ಪ ಮಗ ಕೂತು ಲೆಕ್ಕ ಹಾಕಿ ಬಳಸಿಕೊಂಡರಲ್ಲ ಎಂದು ಉರಿಯುತ್ತಾ ಅವಳು ತಾಯಿಯನ್ನು ಕರೆದುಕೊಂಡು ಹೊರಟಳು.

ಬಾಡಿಗೆ ಕಾಯಿದೆ ಬಂದು ಎರಡು ವರ್ಷವಾಗಿತ್ತು; ಅದನ್ನು ನಂಬಿ ಗೌರಿ ಕೋರ್ಟಿಗೆ ಹೋದಳು. ಅವಳ ಕಡೆ ನಿಂತ ವಕೀಲ ವಾಜಿದ್ ಸಾಹೇಬರು ವಿಷಯ ಬಿಡಿಸಿ ಹೇಳಿದರು. ರಿಪೇರಿಗೆಂದು ಬಿಡಿಸಿದ ಮನೆಯ ಮೇಲೆ ಮೊದಲ ಹಕ್ಕು ಹಳೇ ಬಾಡಿಗೆದಾರರದೇ. ಆದರೆ ಇವರು ಬಿಟ್ಟದ್ದು ಬರೀ ಬಾಯಿಮಾತಿನ ಮೇಲೆ. ಖುಷಿಯಿಂದ ಬಿಟ್ಟು ಹೋದರೆಂದು ಮುನಿಕೃಷ್ಣಪ್ಪ ವಾದಿಸುತ್ತಿದ್ದಾರೆ. ಮಾತು ಕೊಟ್ಟವನೇ ಒಪ್ಪಿಕೊಳ್ಳಬೇಕು.

ಕೋರ್ಟಿನಲ್ಲಿ ಕೇಶವನನ್ನು ಸಾಕ್ಷಿಗೆ ಕರೆದರು. ಅಪ್ಪ ಎದುರಿಗೇ ಕೂತಿದ್ದರು. ಪ್ರಮಾಣ ಮಾಡಿ ಅವನು ಕಟಕಟೆ ಹಿಡಿದುಕೊಂಡ.

"ವಾಪಸ್ ಕೊಡ್ತೀವಿ ಅಂತ ನಾನೇ ಹೇಳಿ ಬಿಡಿಸಿದೆ. ಸುಳ್ಳು ಅಂತ ಗೊತ್ತಿದ್ದೇ ಹೇಳಿದೆ," ಎಂದ.

ಮುನಿಕೃಷ್ಣಪ್ಪನವರು ಎದ್ದು ಹೊರಟುಹೋದರು. ಗೋದಾಮು ತೆರವಾಗಬೇಕು, ಗೋಡೆ ಕಟ್ಟಿಸಿ ಮನೆ ಇವರಿಗೇ ಕೊಡಬೇಕು ಎಂದು ಕೊನೆಗೆ ತೀರ್ಪಾಯಿತು.

ತೀರ್ಪಿನ ದಿನ ಕೇಶವ ಕೋರ್ಟಿನ ಹೊರಗೆ ಮರದ ನೆರಳಲ್ಲಿ ಕಾದಿದ್ದ. ಅಪ್ಪ ಮನೆಗೆ ಸೇರಿಸುತ್ತಿಲ್ಲ, ಬೇರೆ ಇದ್ದೇನೆ, ಈಗಲಾದರೂ ಮದುವೆಯಾಗೋಣ ಎಂದ. ಸೊರಗಿದ ಆ ಮುಖ ನೋಡಿ ಅವಳಿಗೆ ಸಂಕಟವಾಯಿತು. ಹೌದು ಎನ್ನುವುದು ಎಷ್ಟು ಸುಲಭ ಎನಿಸಿತು.

"ಕೋರ್ಟಲ್ಲಿ ಪ್ರಮಾಣ ಮಾಡಿಸಿದ್ರು, ನಿಜ ಹೇಳಿದ್ರಿ," ಎಂದಳು. "ನಾನು ಪ್ರಮಾಣ ಕೇಳದೆ ನಂಬಿದ್ದೆ."

"ಇಷ್ಟಾನೂ ಹೋಯ್ತಾ ಗೌರಿ?"

"ಇಷ್ಟ ಇದೆ. ಅದೇ ಕಷ್ಟ."

ಅವಳ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ. ರಸ್ತೆಯಾಚೆ ತಾಯಿ ಕಾಯುತ್ತಿದ್ದಲ್ಲಿ ಬಸ್ಸು ಬಂತು. ಅವಳು ರಸ್ತೆ ದಾಟಿ, ತಾಯಿಯ ಕೈ ಹಿಡಿದು ಹತ್ತಿಸಿ, ತಾನೂ ಹತ್ತಿದಳು.